ಕುಕಡಿಯ ಕಲ್ಲುಹರವಿಗಳು

ನದಿಯು ತಾನು ಹರಿಯುವ ಪಾತ್ರದ ಶಿಲೆಯನ್ನು ಕೊರೆದು ಕಮರಿಗಳನ್ನು ನಿರ್ಮಿಸುತ್ತದೆಂದು ಭೂಗೋಳದ ಪಾಠದಲ್ಲಿ ನಾವೆಲ್ಲರೂ ಓದಿರುತ್ತೇವೆ. ಪರೀಕ್ಷೆಯಲ್ಲಿ ಕೇಳಿದರೆ ಅದೇ ಮಾತನ್ನು ಬರೆದು ಗುಣಗಳನ್ನೂ ಪಡೆಯುತ್ತೇವೆ. ಆದರೆ ಕಳೆದ ವರ್ಷ ಆ ಪಾಠ ನಡೆದಿರುವಾಗ ಏಳನೆಯ ಇಯತ್ತೆಯ ವಿದ್ಯಾರ್ಥಿಯೊಬ್ಬನು ಎದ್ದು ನಿಂತು, “ಸರ್, ನೀರು ಮೆತ್ತಗ, ಕಲ್ಲು ಗಟ್ಟಿ. ಮೆತ್ತಂದು ಗಟ್ಟೀದನ್ನ ಹ್ಯಾಂಗ ಕೊರೀತದ್ರೀ?” ಎಂದು ಕೇಳಿದನು. ತರಗತಿಯೆಲ್ಲ ನಕ್ಕಿತು. ನನಗೆ ನಗೆ ಬರಲಿಲ್ಲ. ಆ ಹುಡುಗನ ತಂದೆಯವರು ಈ ಪುಣೆ ನಗರದಲ್ಲಿ ಮನೆಗಳಿಗೆ ಫರಶಿ ಕಲ್ಲು ಹಾಕುವ ಕೆಲಸ ಮಾಡುತ್ತಾರೆ. ಕಲ್ಲನ್ನು ಕೊಯ್ಯಲು ಕಲ್ಲಿಗಿಂತ ಗಟ್ಟಿಯಾದ ಹತ್ಯಾರು ಬೇಕೆಂಬುದನ್ನು ಅವನು ಕಣ್ಣಾರೆ ಕಂಡವನು. ಅವನ ಪ್ರಶ್ನೆಯು ಕಂಡದ್ದರಿಂದ ಹುಟ್ಟಿತ್ತು. ನಮ್ಮ ಉತ್ತರವು ಬರಿಯ ಕಂಠಪಾಠದಿಂದ ಬಂದುದಾಗಿತ್ತು.

ಆ ದಿನ ನಾನು ಕೊಟ್ಟ ಸಮಾಧಾನವು ನನಗೇ ಸಾಲದೆನಿಸಿತು. ಆದುದರಿಂದ ಶಾಲೆಯ ವಾರ್ಷಿಕ ಪ್ರವಾಸವನ್ನು ಗೊತ್ತುಮಾಡುವ ಸಮಯ ಬಂದಾಗ, ಉದ್ಯಾನ ಬೇಡ, ಆಟದ ತಾಣವೂ ಬೇಡ, ಈ ಸಲ ನಿಘೋಜಕ್ಕೆ ಹೋಗೋಣವೆಂದು ಮುಖ್ಯಾಧ್ಯಾಪಕರನ್ನು ಕೇಳಿಕೊಂಡೆನು. ಅವರು ಒಪ್ಪಿದರು. ಜನವರಿ ತಿಂಗಳ ಒಂದು ಮುಂಜಾನೆ ನಾವು ನಾಲ್ವತ್ತು ಮಂದಿ ವಿದ್ಯಾರ್ಥಿಗಳೂ ಮೂವರು ಶಿಕ್ಷಕರೂ ಒಂದು ಬಸ್ಸಿನಲ್ಲಿ ಹೊರಟೆವು. ಅಲ್ಲಿ ಕಂಡುದನ್ನೂ, ಕಂಡುದರ ಕಾರಣವನ್ನೂ, ಅಂಥ ಸ್ಥಳದಲ್ಲಿ ಹೇಗೆ ನಡೆದುಕೊಳ್ಳಬೇಕೆಂಬುದನ್ನೂ, ಬಂದವರಿಗೂ ಬರಲಾರದವರಿಗೂ ತಿಳಿಸುವುದು ಈ ಲೇಖನದ ಉದ್ದೇಶ.

ಹೋಗುವ ಹಾದಿ

ಪುಣೆಯಿಂದ ಈಶಾನ್ಯಕ್ಕೆ, ಹಿಂದೆ ಅಹಮದನಗರವೆಂದು ಕರೆಯಲ್ಪಡುತ್ತಿದ್ದು 2024ರಲ್ಲಿ ಅಹಿಲ್ಯಾನಗರವೆಂದು ಹೆಸರು ಪಡೆದ ಪಟ್ಟಣದ ಕಡೆಗೆ ಹೋಗುವ ಹೆದ್ದಾರಿಯನ್ನು ಹಿಡಿಯಬೇಕು. ಊರು ದಾಟಿ ಸ್ವಲ್ಪ ದೂರ ಹೋದ ಮೇಲೆ ಕೋರೆಗಾಂವದ ಬಳಿ ರಸ್ತೆಯು ಒಂದು ಸೇತುವೆಯನ್ನು ಏರುತ್ತದೆ. ಅಲ್ಲಿ ನಾನು ಬಸ್ಸನ್ನು ನಿಧಾನವಾಗಿ ನಡೆಸಲು ಹೇಳಿ, “ಕೆಳಗೆ ನೋಡಿರಿ, ಇದು ಯಾವ ನದಿ?” ಎಂದು ಕೇಳಿದೆನು. ಯಾರೂ ಹೇಳಲಿಲ್ಲ. “ಇದು ಭೀಮಾ” ಎಂದಾಗ, ಹಿಂದಿನ ಆಸನದಲ್ಲಿದ್ದ ಅಫಜಲಪುರ ಕಡೆಯ ಹುಡುಗಿಯೊಬ್ಬಳು, “ನಮ್ಮೂರ ಭೀಮಾನ ಸರ್?” ಎಂದು ಎದ್ದೇ ನಿಂತಳು. ಹೌದು, ಅವಳ ಊರಿನ ಭೀಮೆಯೇ. ಈ ಮಾತಿಗೆ ಮುಂದೆ ಮತ್ತೆ ಬರುತ್ತೇನೆ.

ಶಿರೂರ ಪಟ್ಟಣವನ್ನು ಮುಟ್ಟಿದ ಮೇಲೆ ಹೆದ್ದಾರಿಯನ್ನು ಬಿಟ್ಟು ಒಳದಾರಿ ಹಿಡಿಯಬೇಕು. ಇಬ್ಬದಿಯಲ್ಲಿ ಕಬ್ಬು, ಉಳ್ಳಾಗಡ್ಡಿ, ಬಿಳಿಜೋಳದ ಹೊಲಗಳು. ಒಟ್ಟು ಸುಮಾರು 90 ಕಿ.ಮೀ. ಪ್ರಯಾಣವಾದ ಮೇಲೆ ಕುಕಡಿ ನದಿಯ ದಂಡೆ ಬರುತ್ತದೆ. ಇಲ್ಲಿ ನದಿಯೇ ಎರಡು ಜಿಲ್ಲೆಗಳ ಗಡಿ. ಒಂದು ದಂಡೆಯು ಪುಣೆ ಜಿಲ್ಲೆಯ ಶಿರೂರ ತಾಲೂಕಿನ ಟಾಕಳಿ ಹಾಜಿ ಗ್ರಾಮಕ್ಕೆ ಸೇರಿದ್ದು. ಇನ್ನೊಂದು ಪಾರನೇರ ತಾಲೂಕಿನ ನಿಘೋಜ ಗ್ರಾಮದ್ದು. ದಂಡೆಯ ಮೇಲೆ ಮಳಗಂಗಾ ದೇವಿಯ ಗುಡಿಯಿದೆ. ಸುತ್ತಲಿನ ಜನರು ಭಕ್ತಿಯಿಂದ ಬರುವ ಕ್ಷೇತ್ರವಿದು. ಕಮರಿಯನ್ನು ಅವರು ‘ಕುಂಡ’ ಎಂದೇ ಕರೆಯುತ್ತಾರೆ. ಗುಡಿಯ ಬಳಿ ಬಸ್ಸನ್ನು ನಿಲ್ಲಿಸಿ ಇಳಿದರೆ ಮುಂದಿನದೆಲ್ಲ ಕಾಲ್ನಡಿಗೆ. ಆದರೆ ಅದು ದೂರದ ನಡಿಗೆಯಲ್ಲ. ಅವಸರವಿಲ್ಲದೆ ನಡೆದು, ನಿಂತು, ನೋಡಿ ಮರಳಲು ಶಾಲೆಯ ಎರಡು ತಾಸುಗಳಷ್ಟು ಸಮಯ ಸಾಕು.

ಕಮರಿಯ ದರ್ಶನ

ಗುಡಿಯಿಂದ ಇಳಿಯುವಾಗ ಮೊದಲು ಕಾಣುವುದು ಒಂದು ಬಯಲು. ಮಣ್ಣಿಲ್ಲ, ಹುಲ್ಲಿಲ್ಲ, ಎಲ್ಲವೂ ಕಪ್ಪು ಹಾಸುಗಲ್ಲು. ನದಿ ಎಲ್ಲಿ ಎಂದು ಮಕ್ಕಳು ಹುಡುಕತೊಡಗಿದರು. ಹತ್ತಾರು ಹೆಜ್ಜೆ ಮುಂದೆ ಹೋಗುವವರೆಗೆ ನದಿಯು ಕಣ್ಣಿಗೆ ಬೀಳುವುದೇ ಇಲ್ಲ. ಆಮೇಲೆ ಒಮ್ಮೆಲೆ ಆ ಹಾಸುಗಲ್ಲು ಸೀಳಿದಂತಾಗಿ, ಕಾಲಕೆಳಗೆ ಆಳವಾದ ಕಮರಿಯೊಂದು ಬಾಯಿತೆರೆದು ನಿಲ್ಲುತ್ತದೆ. ಮೇಲುಗಡೆ ಅಗಲವಾಗಿ ಹರಡಿಕೊಂಡು ಬಂದ ನದಿಯು ಇಲ್ಲಿ ಮೈಯನ್ನು ಕುಗ್ಗಿಸಿಕೊಂಡು ಆ ಇಕ್ಕಟ್ಟಿನಲ್ಲಿ ಇಳಿದಿದೆ. ಈ ದಂಡೆಯಲ್ಲಿ ನಿಂತವನು ಆ ದಂಡೆಯವನೊಡನೆ ಕೂಗಿ ಮಾತನಾಡಬಹುದು. ಎರಡು ದಂಡೆಗಳನ್ನು ಕೂಡಿಸುವ ತೂಗುಸೇತುವೆಯೊಂದಿದೆ. ಅದರ ಮೇಲೆ ನಿಂತು ನೋಡಿದರೆ ಕಮರಿಯ ಪೂರ್ಣ ಸ್ವರೂಪವು ತಿಳಿಯುತ್ತದೆ.

ಕಮರಿಯ ಗೋಡೆಗಳು ನೆಟ್ಟಗೆ ಕಡಿದಂತಿಲ್ಲ. ಅವು ಗುಂಡುಗುಂಡಾಗಿ, ತಿರುವು ತಿರುವಾಗಿ, ಕುಂಬಾರನು ತಿಗರಿಯ ಮೇಲೆ ಕೈಯಿಂದ ತೀಡಿದ ಮಡಕೆಯ ಒಳಮೈಯಂತೆ ನುಣುಪಾಗಿವೆ. ಹಾಸುಗಲ್ಲಿನ ಮೇಲೆಲ್ಲ ದುಂಡನೆಯ ಕುಳಿಗಳು. ಕೆಲವು ಬೋಗುಣಿಯಷ್ಟು ಚಿಕ್ಕವು, ಕೆಲವು ಒರಳಿನಷ್ಟು, ಕೆಲವುಗಳಲ್ಲಿ ಆಳೊಬ್ಬನು ಇಳಿದರೆ ತಲೆಯೂ ಕಾಣದು. ಇಂಥ ಕುಳಿಗಳಿಗೆ ಮರಾಠಿಯಲ್ಲಿ ‘ರಾಂಜಣಖಳಗೆ’ ಎಂದು ಹೆಸರು. ರಾಂಜಣವೆಂದರೆ ನೀರು ತುಂಬಿಡುವ ದೊಡ್ಡ ಮಣ್ಣಿನ ಪಾತ್ರೆ. ನಮ್ಮ ಕಡೆ ಹರವಿ, ರಂಜಣಿಗೆ ಎನ್ನುವೆವಲ್ಲ, ಅದೇ. ಖಳಗೆಯೆಂದರೆ ಕುಳಿ. ಹೆಸರಿಟ್ಟವರು ಭೂಗರ್ಭಶಾಸ್ತ್ರವನ್ನು ಓದಿದವರಲ್ಲ. ಆದರೆ ಕಂಡುದನ್ನು ಕಂಡಂತೆ ಹೇಳಬಲ್ಲವರಾಗಿದ್ದರು.

“ಸರ್, ಇವನ್ನ ಯಾರು ಕೊರದಾರ್ರೀ?” ಎಂದು ಮಕ್ಕಳು ಕೇಳಿದರು. ಕಲ್ಲುಕುಟಿಗರ ಉಳಿಯ ಗುರುತು ಎಲ್ಲಿಯಾದರೂ ಇದೆಯೇ ಹುಡುಕಿರೆಂದು ಹೇಳಿದೆನು. ಎಲ್ಲಿಯೂ ಸಿಕ್ಕಲಿಲ್ಲ. ಬದಲಾಗಿ, ನೀರಿಲ್ಲದೆ ಒಣಗಿದ ಒಂದು ಚಿಕ್ಕ ಕುಳಿಯ ತಳದಲ್ಲಿ ನಮ್ಮ ಪ್ರಶ್ನೆಗಾರನಿಗೆ ಬೇರೊಂದು ವಸ್ತು ಸಿಕ್ಕಿತು. ಅದು ಲಿಂಬೆಹಣ್ಣಿನಷ್ಟು ದೊಡ್ಡದಾದ, ಅಷ್ಟೇ ದುಂಡಗಿನ ಒಂದು ಕರಿಯ ಬೆಣಚುಕಲ್ಲು. ಅದರ ಸುತ್ತ ಇನ್ನೂ ಹತ್ತೆಂಟು ಚಿಕ್ಕ ಹರಳುಗಳು, ಒಂದು ಹಿಡಿ ಉಸುಕು.

“ಅದೇ ನದಿಯ ಹತ್ಯಾರು” ಎಂದೆನು.

ಕಲ್ಲು ಬಂದುದು ಹೇಗೆ

ಈಗ ಇದರ ಕಾರಣವನ್ನು ಕ್ರಮವಾಗಿ ನೋಡೋಣ. ಮೊದಲು ಶಿಲೆಯ ವಿಚಾರ.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ಈ ಪ್ರದೇಶದಲ್ಲಿ ಭೂಮಿಯ ಒಳಗಿನಿಂದ ಕರಗಿದ ಶಿಲಾರಸವು ಹೊರಹೊಮ್ಮಿತು. ಒಂದೇ ಪರ್ವತದ ಶಿಖರದಿಂದ ಚಿಮ್ಮಿದುದಲ್ಲ. ನೆಲದಲ್ಲಿ ಬಿಟ್ಟ ಉದ್ದುದ್ದವಾದ ಬಿರುಕುಗಳಿಂದ ಉಕ್ಕಿ, ಕಾಯಿಸಿದ ಬೆಲ್ಲದ ಪಾಕವು ಹರಿವಾಣದಲ್ಲಿ ಹರಡುವಂತೆ ಹರಡಿತು. ಒಂದು ಪದರು ಆರಿ ಗಟ್ಟಿಯಾದ ಮೇಲೆ ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಹೀಗೆ ಹರಡಿದ ಕಪ್ಪು ಶಿಲೆಗೆ ಬಸಾಲ್ಟ್ ಎಂದು ಹೆಸರು. ಇಂದು ಉಳಿದಿರುವ ಈ ಶಿಲೆಯ ಹಾಸು ಸುಮಾರು 5 ಲಕ್ಷ ಚದರ ಕಿ.ಮೀ. ಪ್ರದೇಶವನ್ನು ಆವರಿಸಿದೆ. ಮಹಾರಾಷ್ಟ್ರದ ಅತ್ಯುನ್ನತ ಶಿಖರವಾದ, 1646 ಮೀಟರು ಎತ್ತರದ ಕಳಸೂಬಾಯಿಯೂ ಈ ಪದರುಗಳಿಂದಾದುದೇ. ದಕ್ಷಿಣಕ್ಕೂ ಆಗ್ನೇಯಕ್ಕೂ ಸರಿದಂತೆ ಈ ಹಾಸು ತೆಳ್ಳಗಾಗುತ್ತ, ಬೆಳಗಾವಿಯ ಉತ್ತರ ಭಾಗ, ವಿಜಯಪುರ, ಕಲಬುರಗಿ, ಬೀದರಗಳವರೆಗೆ ಬಂದು ಮುಗಿಯುತ್ತದೆ. ನಿಮ್ಮ ಅಜ್ಜಂದಿರು ಬಿಳಿಜೋಳ ಬಿತ್ತುವ ಎರೆಹೊಲದ ಕರಿಯ ಮಣ್ಣು ಈ ಶಿಲೆಯು ಬಿಸಿಲು ಮಳೆಗಳಿಗೆ ಪುಡಿಯಾಗಿ ಹುಟ್ಟಿದ ಮಣ್ಣು.

ಬಸಾಲ್ಟ್ ಗಟ್ಟಿಯಾದ ಶಿಲೆಯೆಂಬುದು ನಿಜ. ಆದರೆ ಅದು ಎಲ್ಲೆಡೆಯಲ್ಲಿಯೂ ಒಂದೇ ಸಮನಾಗಿ ಗಟ್ಟಿಯಲ್ಲ. ಶಿಲಾರಸವು ಆರುವಾಗ ಕುಗ್ಗಿದುದರಿಂದ ಅದರಲ್ಲಿ ಬಿರುಕುಗಳುಂಟಾದವು. ಒಳಗಿದ್ದ ಅನಿಲದ ಗುಳ್ಳೆಗಳು ಹೊರಬರಲಾರದೆ ಉಳಿದುದರಿಂದ ಅಲ್ಲಲ್ಲಿ ಸಣ್ಣ ಪೊಟರೆಗಳಾದವು. ಎಷ್ಟೋ ಪೊಟರೆಗಳಲ್ಲಿ ಮುಂದೆ ಬಿಳಿಯ ಹರಳುಗಳು ಬೆಳೆದು ಕುಳಿತವು. ಹಾಸುಗಲ್ಲಿನ ಮೇಲೆ ಬಗ್ಗಿ ನೋಡಿದರೆ ಇವೆಲ್ಲ ಕಾಣುತ್ತವೆ. ನದಿಯು ಕೆಲಸ ಆರಂಭಿಸುವುದು ಇಂಥ ದುರ್ಬಲ ಸ್ಥಳದಲ್ಲಿಯೇ.

ನದಿಯು ಕೊರೆಯುವ ಬಗೆ

ಕುಕಡಿಯು ಜುನ್ನರ ತಾಲೂಕಿನಲ್ಲಿ ಸಹ್ಯಾದ್ರಿಯ ಅಂಚಿನಲ್ಲಿ ಹುಟ್ಟುತ್ತದೆ. ಆ ಸ್ಥಳದಿಂದ ಪಶ್ಚಿಮದ ಅರಬ್ಬೀ ಸಮುದ್ರವು ಸಮೀಪವೇ ಆದರೂ, ನೆಲದ ಇಳಿಜಾರು ಪೂರ್ವಕ್ಕಿರುವುದರಿಂದ ಅದು ಆ ಕಡೆಗೆ ಬೆನ್ನುಮಾಡಿ ದೂರದ ಬಂಗಾಳ ಉಪಸಾಗರದ ದಾರಿ ಹಿಡಿಯುತ್ತದೆ. ಇಂದು ಅದರ ಮೇಲೆ ಮಾಣಿಕಡೋಹ, ಯೇಡಗಾಂವ ಎಂಬ ಅಣೆಕಟ್ಟುಗಳಿವೆ. ಆದರೆ ಈ ಕಮರಿಯು ಅಣೆಕಟ್ಟುಗಳಿಗಿಂತ ಬಹು ಹಿಂದಿನದು. ಸಹ್ಯಾದ್ರಿಯಲ್ಲಿ ಮಳೆ ಹೊಡೆದಾಗಲೆಲ್ಲ ಮಹಾಪೂರವು ತಡೆಯಿಲ್ಲದೆ ಇಲ್ಲಿಗೆ ನುಗ್ಗುತ್ತಿದ್ದ ಕಾಲದ ಕೆಲಸವಿದು.

ವೇಗವಾಗಿ ಹರಿಯುವ ನೀರಿಗೆ ಹಾಸುಗಲ್ಲಿನ ಬಿರುಕೋ ತಗ್ಗೋ ಅಡ್ಡ ಬಂದರೆ ನೀರು ಅಲ್ಲಿ ಸುಳಿಯಾಗಿ ತಿರುಗುತ್ತದೆ. ಆ ಸುಳಿಯಲ್ಲಿ ಉಸುಕು, ಗರಸು, ಬೆಣಚುಕಲ್ಲುಗಳು ಸಿಕ್ಕಿಬಿದ್ದು ತಾವೂ ಗರಗರನೆ ತಿರುಗತೊಡಗುತ್ತವೆ. ತಿರುಗುತ್ತ ತಳವನ್ನೂ ಅಂಚನ್ನೂ ಉಜ್ಜುತ್ತವೆ. ಬೀಸುವ ಕಲ್ಲಿನ ಎರಡು ಬಿಲ್ಲೆಗಳ ನಡುವೆ ಜೋಳವು ಹಿಟ್ಟಾಗುವಂತೆ, ಇಲ್ಲಿ ಕಲ್ಲಿಗೆ ಕಲ್ಲು ಉಜ್ಜಿ ಎರಡೂ ಹಿಟ್ಟಾಗುತ್ತವೆ. ಆ ಹಿಟ್ಟನ್ನು ನೀರು ಹೊತ್ತುಕೊಂಡು ಹೋಗುತ್ತದೆ. ತಗ್ಗು ಕುಳಿಯಾಗುತ್ತದೆ. ಕುಳಿಯಾದಷ್ಟೂ ಸುಳಿಯು ಸ್ಥಿರವಾಗುತ್ತದೆ. ಸುಳಿಯು ಸ್ಥಿರವಾದಷ್ಟೂ ಕುಳಿಯು ಆಳವಾಗುತ್ತದೆ. ಒಳಗಿದ್ದ ಬೆಣಚುಕಲ್ಲು ಸವೆದು ಹೋದರೂ ಕೆಲಸ ನಿಲ್ಲುವುದಿಲ್ಲ. ಮುಂದಿನ ಪೂರವು ಹೊಸ ಕಲ್ಲನ್ನು ತಂದು ಹಾಕುತ್ತದೆ.

ಇಲ್ಲಿ ವೇಗದ ಮಹತ್ವವನ್ನು ತಿಳಿಯಬೇಕು. ನೀರಿನ ವೇಗವು ಎರಡರಷ್ಟಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕವು ಎರಡರಷ್ಟಲ್ಲ, ಸುಮಾರು 64ರಷ್ಟಾಗುತ್ತದೆಂಬುದು ನದಿಗಳ ಅಭ್ಯಾಸದಲ್ಲಿ ಪ್ರಸಿದ್ಧವಾದ ಒಂದು ಸ್ಥೂಲ ನಿಯಮ. ಚಳಿಗಾಲದಲ್ಲಿ ಉಸುಕನ್ನು ಮಾತ್ರ ಸರಿಸಬಲ್ಲ ಈ ನದಿಯು ಮಹಾಪೂರದಲ್ಲಿ ಬಂಡೆಗಳನ್ನೇ ಉರುಳಿಸುವುದು ಇದರಿಂದಲೇ. ಹಾಗಾಗಿ ನದಿಯು ವರ್ಷವಿಡೀ ಕೊರೆಯುತ್ತಿರುವುದಿಲ್ಲ. ಮಳೆಗಾಲದ ಕೆಲವೇ ದಿನಗಳು ಅದರ ದುಡಿಮೆಯ ದಿನಗಳು. ಉಳಿದ ಕಾಲವೆಲ್ಲ ಹತ್ಯಾರುಗಳನ್ನು ಕುಳಿಯ ತಳದಲ್ಲಿಟ್ಟು ಅದು ವಿಶ್ರಾಂತಿ ಪಡೆಯುತ್ತದೆ. ನಾವು ಕಂಡುದು ಆ ವಿಶ್ರಾಂತಿಯ ಸಮಯದ ಕಾರಖಾನೆಯನ್ನು.

ಇನ್ನು ಕುಳಿಗಳಿಂದ ಕಮರಿಯಾಗುವುದು ಹೇಗೆ? ಒಂದರ ಮಗ್ಗುಲಿಗೆ ಒಂದರಂತೆ ಕುಳಿಗಳು ಬೆಳೆಯುತ್ತವೆ. ಅವುಗಳ ನಡುವಿನ ಗೋಡೆಯು ಎರಡೂ ಕಡೆಯಿಂದ ಸವೆದು ತೆಳ್ಳಗಾಗಿ ಒಂದು ದಿನ ತೂತು ಬೀಳುತ್ತದೆ, ಆಮೇಲೆ ಮುರಿಯುತ್ತದೆ. ಎರಡು ಕುಳಿಗಳು ಒಂದಾಗುತ್ತವೆ, ನಾಲ್ಕು ಎಂಟು ಕೂಡಿ ಒಂದು ಕಾಲುವೆಯಾಗುತ್ತವೆ. ಅದುವರೆಗೆ ಅಗಲಕ್ಕೆ ಹರಡಿದ್ದ ನೀರು ಆ ಕಾಲುವೆಗೆ ಇಳಿಯುತ್ತದೆ. ಇಕ್ಕಟ್ಟಿನಲ್ಲಿ ಅದರ ವೇಗವು ಹೆಚ್ಚುತ್ತದೆ. ವೇಗ ಹೆಚ್ಚಿದಂತೆ ಕೊರೆತವೂ ಹೆಚ್ಚುತ್ತದೆ. ಕಮರಿಯ ಗೋಡೆಗಳು ಗುಂಡುಗುಂಡಾಗಿ ಕಾಣುವ ರಹಸ್ಯವಿದೇ. ಆ ಗೋಡೆಯ ಪ್ರತಿಯೊಂದು ತಿರುವೂ ಒಂದಾನೊಂದು ಕಾಲದ ಹರವಿಯ ಅರ್ಧಭಾಗ.

ಇದಿಷ್ಟನ್ನೂ ಹೇಳಿ ಮುಗಿಸಿ, “ಹಾಗಾದರೆ ನೀರು ಕಲ್ಲನ್ನು ಕೊರೆಯುತ್ತದೆಯೋ?” ಎಂದು ನಮ್ಮ ಪ್ರಶ್ನೆಗಾರನನ್ನೇ ಕೇಳಿದೆನು. ಅವನು ಕೈಯಲ್ಲಿದ್ದ ಬೆಣಚುಕಲ್ಲನ್ನು ನೋಡುತ್ತ, “ಇಲ್ರೀ ಸರ್. ಕಲ್ಲೇ ಕಲ್ಲನ್ನ ಕೊರೀತದ. ನೀರು ಅದನ್ನ ಹಿಡಕೊಂಡು ತಿರಗಸ್ತದ. ನಮ್ಮಪ್ಪನ ಮಷೀನಿಗೂ ನೀರು ಬಿಡ್ತಾರ್ರೀ, ಆದ್ರ ಕೊಯ್ಯೋದು ಚಕ್ರ” ಎಂದನು. ಪುಸ್ತಕದ ವಾಕ್ಯಕ್ಕಿಂತ ಈ ಉತ್ತರವು ನನಗೆ ಹೆಚ್ಚು ಸರಿಯೆನಿಸಿತು. ಅಂದು ಅವನನ್ನು ನೋಡಿ ಯಾರೂ ನಗಲಿಲ್ಲ.

ನಾನು ಮಾಡಿದ ತಪ್ಪು

ಇಲ್ಲಿಗೆ ಲೇಖನವನ್ನು ಮುಗಿಸಿದ್ದರೆ ಸೊಗಸಾಗುತ್ತಿತ್ತು. ಆದರೆ ಆ ದಿನ ನಡೆದ ಇನ್ನೊಂದು ಸಂಗತಿಯನ್ನು ಮುಚ್ಚಿಡುವುದು ಸರಿಯಲ್ಲ.

ಮೇಲಿನಿಂದ ಬಿಟ್ಟ ನೀರು ಅಂದು ಕಮರಿಯಲ್ಲಿ ಸಾಧಾರಣವಾಗಿ ಹರಿಯುತ್ತಿತ್ತು. ನಾನು ಕೆಲವು ಮಕ್ಕಳನ್ನು ಸುತ್ತ ನಿಲ್ಲಿಸಿಕೊಂಡು, ಗೋಡೆಯ ತಿರುವುಗಳನ್ನು ತೋರಿಸುತ್ತ, ಉಳಿದವರಿಗೆ ಬೆನ್ನುಮಾಡಿ ನಿಂತಿದ್ದೆನು. ಆರನೆಯ ಇಯತ್ತೆಯ ಬಾಲಕನೊಬ್ಬನ ಚಪ್ಪಲಿಯು ಜಾರಿ, ನೀರು ತುಂಬಿದ ಒಂದು ದೊಡ್ಡ ಕುಳಿಯೊಳಗೆ ಬಿದ್ದಿತು. ಅದು ತೇಲುತ್ತಿತ್ತು, ಕೈಗೆ ಎಟಕುವಂತೆಯೂ ಇತ್ತು. ಬಾಲಕನು ಅಂಚಿನಲ್ಲಿ ಕುಳಿತು ಕೈ ಚಾಚಿದನು. ಅಂಚಿಗೆ ಪಾಚಿ ಕಟ್ಟಿತ್ತು. ಅವನ ಕಾಲು ಸರಕ್ಕನೆ ಜಾರಿ ಮೊಳಕಾಲವರೆಗೆ ನೀರಿಗಿಳಿಯಿತು. ಅಷ್ಟರಲ್ಲಿ ಹತ್ತನೆಯ ಇಯತ್ತೆಯ ವಿದ್ಯಾರ್ಥಿನಿಯೊಬ್ಬಳು ಕೂಗುವುದರಲ್ಲಿ ಸಮಯ ಕಳೆಯದೆ, ಕಲ್ಲಿನ ಮೇಲೆ ಬೋರಲಾಗಿ ಮಲಗಿ ಅವನ ಅಂಗಿಯ ಕೊರಳಪಟ್ಟಿಯನ್ನು ಹಿಡಿದುಬಿಟ್ಟಳು. ಇನ್ನಿಬ್ಬರು ಓಡಿ ಬಂದು ಅವಳ ಕಾಲುಗಳನ್ನು ಹಿಡಿದು ಹಿಂದಕ್ಕೆಳೆದರು. ನಾನು ತಿರುಗಿ ನೋಡುವಷ್ಟರಲ್ಲಿ ಬಾಲಕನು ಮೇಲೆ ಬಂದಿದ್ದನು. ಅವನಿಗೆ ಪೆಟ್ಟಾಗಿರಲಿಲ್ಲ. ನನ್ನ ಕೈಕಾಲು ಮಾತ್ರ ಬಹಳ ಹೊತ್ತು ನಡುಗಿದವು.

ಚಪ್ಪಲಿಯು ಇನ್ನೂ ನೀರಿನ ಮೇಲೆಯೇ ಇದ್ದಿತು. ಮೇಲಿನಿಂದ ನೋಡಿದರೆ ಆ ಕುಳಿಯ ನೀರು ನಿಂತ ನೀರಿನಂತೆ ಕಾಣುತ್ತಿತ್ತು. ಆದರೆ ಚಪ್ಪಲಿಯು ಮೆಲ್ಲಗೆ ಕುಳಿಯ ಅಂಚಿನುದ್ದಕ್ಕೂ ಒಂದು ಸುತ್ತು ಬಂದಿತು. ಮತ್ತೊಂದು ಸುತ್ತು ಬಂದಿತು. ಸುತ್ತುತ್ತ ಸುತ್ತುತ್ತ ನಡುವಿಗೆ ಸರಿದು, ಐದಾರು ಸುತ್ತಿನ ತರುವಾಯ ತಟ್ಟನೆ ಒಳಗಿಳಿಯಿತು. ನಾವು ಬಹಳ ಹೊತ್ತು ನೋಡುತ್ತ ನಿಂತೆವು. ಅದು ಮತ್ತೆ ಮೇಲೆ ಬರಲೇ ಇಲ್ಲ. ಸುಳಿ ಎಂದರೇನೆಂದು ನಾನು ಅರ್ಧ ತಾಸು ವಿವರಿಸಿದುದನ್ನು ಆ ಚಪ್ಪಲಿಯು ಅರೆನಿಮಿಷದಲ್ಲಿ ವಿವರಿಸಿತು.

ಮಕ್ಕಳನ್ನು ಕರೆದುಕೊಂಡು ಹೋದವನು ಮೊದಲು ಅಪಾಯವನ್ನು ತಿಳಿಸಿ ಆಮೇಲೆ ಅಂದವನ್ನು ತೋರಿಸಬೇಕಾಗಿತ್ತು. ನಾನು ಅದನ್ನು ಹಿಂದುಮುಂದು ಮಾಡಿದೆನು. ಆದುದರಿಂದ, ಮುಂದೆ ಇಂಥ ಕಮರಿಗಳಿಗೆ ಹೋಗುವ ನಿಮಗೆ ಈ ಕೆಲವು ಮಾತುಗಳು.

ಒಂದನೆಯದಾಗಿ, ಕುಳಿಯ ಆಳವು ಮೇಲಿನಿಂದ ತಿಳಿಯುವುದಿಲ್ಲ. ಒಳಗೆ ಅದು ಬಾಯಿಗಿಂತ ಅಗಲವಾಗಿರಬಹುದು; ಪಕ್ಕದ ಕುಳಿಗೆ ನೀರೊಳಗೇ ದಾರಿಯಿರಬಹುದು. ಗೋಡೆಗಳು ಉಜ್ಜಿ ನುಣುಪಾಗಿರುವುದರಿಂದ ಬಿದ್ದವನಿಗೆ ಹಿಡಿಯಲು ಆಸರೆಯೇ ಸಿಕ್ಕದು. ಈಜು ಬಲ್ಲೆನೆಂಬ ಧೈರ್ಯವು ಇಲ್ಲಿ ಕೆಲಸಕ್ಕೆ ಬಾರದು.

ಎರಡನೆಯದಾಗಿ, ಒಣಗಿದ ಕಪ್ಪು ಕಲ್ಲು ಕಾಲಿಗೆ ಹಿಡಿತ ಕೊಡುತ್ತದೆ. ತೊಯ್ದ ಕಲ್ಲು, ಹಸಿರು ಛಾಯೆಯ ಕಲ್ಲು ಕೊಡುವುದಿಲ್ಲ. ಬಣ್ಣವನ್ನು ನೋಡಿ ಹೆಜ್ಜೆಯಿಡಬೇಕು. ಅಂಚಿನಿಂದ ನಾಲ್ಕು ಹೆಜ್ಜೆ ಹಿಂದೆ ನಿಂತರೂ ಕಾಣುವುದೆಲ್ಲ ಕಾಣುತ್ತದೆ.

ಮೂರನೆಯದಾಗಿ, ಆಕಾಶವು ತಿಳಿಯಾಗಿದ್ದರೂ ನದಿಯು ಏರಬಹುದು. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ ಅದು ಮಳೆಯ ಮುನ್ಸೂಚನೆಯಿಲ್ಲದೆಯೇ ಬರುತ್ತದೆ. ಹೋಗುವ ಮೊದಲು ಊರವರನ್ನು ಕೇಳಬೇಕು. ಮಳೆಗಾಲದಲ್ಲಿ ಕಮರಿಯೊಳಗೆ ಇಳಿಯಲೇಬಾರದು.

ನಾಲ್ಕನೆಯದಾಗಿ, ಬಿದ್ದ ವಸ್ತುವು ಚಪ್ಪಲಿಯಾಗಲಿ, ಮೊಬೈಲ್ ಆಗಲಿ, ಅದನ್ನು ನದಿಗೇ ಬಿಟ್ಟುಬಿಡಬೇಕು. ಅಂಚಿನಲ್ಲಿ ನಿಂತು ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳುವವನು ನದಿಗೆ ಬೆನ್ನುಮಾಡಿ ನಿಂತಿರುತ್ತಾನೆ. ಬೆನ್ನುಮಾಡಿದ ನನಗೆ ಏನಾಯಿತೆಂಬುದನ್ನು ಈಗಷ್ಟೇ ಓದಿದಿರಿ.

ಕರ್ನಾಟಕದಲ್ಲಿಯೂ ಇಂಥ ಸ್ಥಳವುಂಟು. ಕಾವೇರಿಯು ಅರ್ಕಾವತಿಯನ್ನು ಕೂಡಿಕೊಂಡ ಮೇಲೆ ಸಿಕ್ಕುವ ಮೇಕೆದಾಟುವಿನಲ್ಲಿ ನದಿಯು ಇದೇ ಬಗೆಯಾಗಿ ಇಕ್ಕಟ್ಟಾದ ಕಮರಿಗೆ ಇಳಿಯುತ್ತದೆ. ಮೇಕೆಯೊಂದು ನೆಗೆದು ದಾಟಿತೆಂದು ಅದಕ್ಕೆ ಆ ಹೆಸರು. ಅಲ್ಲಿನ ಬಂಡೆಗಳಲ್ಲಿಯೂ ಇಂಥವೇ ಕುಳಿಗಳಿವೆ. ಮೇಲಿನ ನಾಲ್ಕು ಮಾತುಗಳು ಅಲ್ಲಿಗೂ ಸಲ್ಲುತ್ತವೆ.

ನೀರು ಹೋಗುವುದೆಲ್ಲಿಗೆ

ಬುತ್ತಿಯನ್ನು ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿಗಳನ್ನು ಹಂಚಿಕೊಂಡು ತಿಂದ ಮೇಲೆ, ಸೇತುವೆಯ ಮೇಲಿನ ಹುಡುಗಿಯ ಪ್ರಶ್ನೆಗೆ ಮರಳಿದೆವು. ಅವಳ ಊರು ಭೀಮಾತೀರದ್ದು. ನನ್ನ ಊರೂ ಅಲ್ಲಿಯದೇ. ಬಾಲ್ಯದಲ್ಲಿ ನದಿಯ ಮೇಲುಗಡೆ ಏನಿರಬಹುದೆಂದು ನಾನು ಎಂದೂ ಯೋಚಿಸಿದವನಲ್ಲ. ಹೊಟ್ಟೆಪಾಡಿಗಾಗಿ ಈ ಊರಿಗೆ ಬಂದ ಮೇಲೆ, ನಾನು ಬಂದು ಸೇರಿದುದು ಅದೇ ನದಿಯ ತವರುಮನೆಯನ್ನೆಂದು ತಿಳಿಯಿತು.

ಕುಕಡಿಯು ಇಲ್ಲಿಂದ ಮುಂದೆ ಹೋಗಿ ಘೋಡ ನದಿಯನ್ನು ಕೂಡುತ್ತದೆ. ಘೋಡ ನದಿಯು ಭೀಮೆಯನ್ನು ಕೂಡುತ್ತದೆ. ಭೀಮಾಶಂಕರದಲ್ಲಿ ಹುಟ್ಟಿ ಒಟ್ಟು 861 ಕಿ.ಮೀ. ಹರಿಯುವ ಭೀಮೆಯು ಉಜನಿಯ ಜಲಾಶಯವನ್ನು ತುಂಬಿ, ಪಂಢರಪುರದಲ್ಲಿ ಚಂದ್ರಭಾಗೆಯೆನಿಸಿ, ವಿಜಯಪುರ ಜಿಲ್ಲೆಯ ಅಂಚಿನಲ್ಲಿ ಕನ್ನಡನಾಡನ್ನು ಪ್ರವೇಶಿಸುತ್ತದೆ. ಅಫಜಲಪುರ ತಾಲೂಕು, ಗಾಣಗಾಪುರ, ಅಶೋಕನ ಶಾಸನ ದೊರೆತ ಸನ್ನತಿ, ಯಾದಗಿರಿ ಇವುಗಳನ್ನು ಹಾದು ರಾಯಚೂರಿನ ಉತ್ತರಕ್ಕೆ ಕೃಷ್ಣೆಯನ್ನು ಸೇರುತ್ತದೆ. ನಡುವೆ ಅಣೆಕಟ್ಟುಗಳೂ ಕಾಲುವೆಗಳೂ ಬಹಳಷ್ಟು ನೀರನ್ನು ಹಂಚಿಕೊಳ್ಳುತ್ತವೆ, ನಿಜ. ಆದರೂ 2020ರ ಅಕ್ಟೋಬರ ತಿಂಗಳಲ್ಲಿ ಮೇಲುಗಡೆಯ ಮಳೆಯೂ ಅಣೆಕಟ್ಟುಗಳಿಂದ ಬಿಟ್ಟ ನೀರೂ ಒಂದಾಗಿ ಇಳಿದಾಗ ಭೀಮಾತೀರದ ನಮ್ಮ ಊರುಗಳು ಜಲಾವೃತವಾದುದನ್ನು ನಿಮ್ಮಲ್ಲಿ ಅನೇಕರು ಮನೆಯವರಿಂದ ಕೇಳಿರುವಿರಿ. ಇಲ್ಲಿಯ ಮಳೆಗೂ ಅಲ್ಲಿಯ ಹೊಲಕ್ಕೂ ಸಂಬಂಧವಿದೆ.

ಈ ದೀರ್ಘ ಪ್ರಯಾಣದಲ್ಲಿ ನದಿಯು ಮೂರು ಬಗೆಯ ಶಿಲೆಗಳ ಮೇಲೆ ಹರಿಯುತ್ತದೆ. ಮೊದಲು ಈ ಕಪ್ಪು ಬಸಾಲ್ಟ್. ಕಲಬುರಗಿಯ ಸೀಮೆಯಲ್ಲಿ ಸುಣ್ಣಕಲ್ಲಿನ ಹಾಸು. ಯಾದಗಿರಿಯಿಂದ ಮುಂದೆ ಬೆಟ್ಟದಂತೆ ಏಳುವ ಗ್ರಾನೈಟ್. ಆ ಸುಣ್ಣಕಲ್ಲನ್ನು ನೀವೆಲ್ಲರೂ ಬಲ್ಲಿರಿ. ಶಹಾಬಾದ ಫರಶಿಯೆಂದು ಹೆಸರಾಗಿ ಪುಣೆಯ ಎಷ್ಟೋ ಹಳೆಯ ಮನೆಗಳ, ಶಾಲೆಗಳ ನೆಲಕ್ಕೆ ಹಾಸಿರುವುದು ಅದನ್ನೇ. ಇಲ್ಲಿಯ ನೀರು ನಮ್ಮ ನಾಡಿಗೆ ಹೋಗುತ್ತದೆ. ನಮ್ಮ ನಾಡಿನ ಕಲ್ಲು ಇಲ್ಲಿಗೆ ಬರುತ್ತದೆ. ಕಲ್ಲಿನ ಹಿಂದೆ ಅದನ್ನು ಹಾಸುವ ಕೈಗಳೂ ಬಂದಿವೆ.

ಇನ್ನೊಂದು ಮಾತು. ನಾವು ದಿನವೂ ಶಾಲೆಗೆ ಬರುವಾಗ ದಾಟುವ ಮುಠೆಯೂ ಅದರ ಜೊತೆಗಾರ್ತಿ ಮುಳೆಯೂ ಒಂದಾಗಿ ಹೋಗಿ ಸೇರುವುದು ಇದೇ ಭೀಮೆಯನ್ನು. ಸೇತುವೆಯ ಮೇಲಿನಿಂದ ನಾವು ಎಸೆಯುವ ನಿರ್ಮಾಲ್ಯದ ಚೀಲ, ಈ ನಗರವು ಬಿಡುವ ಹೊಲಸು, ಎಲ್ಲವೂ ಇಳಿದು ಹೋಗುವುದು ನಮ್ಮ ಊರಿನ ದಾರಿಯಲ್ಲಿಯೇ. ಇದನ್ನು ಕೇಳಿದ ಮೇಲೆ, ಬುತ್ತಿಯ ಕಾಗದಗಳನ್ನು ಹೆಕ್ಕಿರೆಂದು ನಾನು ಯಾರಿಗೂ ಹೇಳಬೇಕಾಗಲಿಲ್ಲ. ಅಫಜಲಪುರದ ಹುಡುಗಿಯು ಮೊದಲು ಎದ್ದಳು, ಉಳಿದವರೂ ಎದ್ದರು.

ಮರಳಿದ ಮೇಲೆ

ಪಾಲಕರ ಸಭೆಗೆ ನಮ್ಮ ಪ್ರಶ್ನೆಗಾರನ ತಂದೆಯವರು ಬಂದಿದ್ದರು. ಎಂದಿನಂತೆ ಹಿಂದಿನ ಬಾಕಿನಲ್ಲಿ ಕುಳಿತಿದ್ದರು. ಸಭೆ ಮುಗಿದ ಮೇಲೆ ನನ್ನ ಬಳಿಗೆ ಬಂದು, “ಹುಡುಗ ಎಲ್ಲಾ ಹೇಳ್ಯಾನ್ರೀ ಗುರುಗಳ. ಈ ಕಡೀ ಕರೀ ಕಲ್ಲಿಗೆ ಪದರಿಲ್ರೀ, ಬೇಕಾದಂಗ ಏಳಂಗಿಲ್ಲ, ಒಡೀಬೇಕು. ನಮ್ಮ ಶಹಾಬಾದಿ ಕಲ್ಲು ಹಾಂಗಲ್ರೀ, ಹಾಳಿ ಹಾಳಿ ಏಳ್ತದ. ಯಾಕ ಅನ್ನೋದು ಇಷ್ಟು ವರ್ಷ ಗೊತ್ತಿರಲಿಲ್ಲ” ಎಂದರು. ನಾನು ತಿಳಿದಷ್ಟನ್ನು ಹೇಳಿದೆನು: ಕರಿಯ ಕಲ್ಲು ಬೆಂಕಿಯಲ್ಲಿ ಕರಗಿ ಒಮ್ಮೆಗೆ ಗಟ್ಟಿಯಾದುದು, ಶಹಾಬಾದದ ಕಲ್ಲು ಬಹು ಪ್ರಾಚೀನ ಕಾಲದ ಸಮುದ್ರದ ತಳದಲ್ಲಿ ಕೆಸರು ಪದರು ಪದರಾಗಿ ಕುಳಿತು ಆದುದು, ಆದುದರಿಂದ ಹಾಳೆಯಂತೆ ಏಳುತ್ತದೆ. ಅವರು ಸ್ವಲ್ಪ ಹೊತ್ತು ಶಾಲೆಯ ನೆಲವನ್ನೇ ನೋಡುತ್ತ ನಿಂತು, “ಸಮುದ್ರದ ತಳದ ಮ್ಯಾಲ ನಿಂತೀವಲ್ರೀ ಹಂಗಾರ” ಎಂದು ನಕ್ಕರು. ಮಗನು ಪಕ್ಕದಲ್ಲಿಯೇ ಇದ್ದನು. ತಂದೆಯು ಕನ್ನಡದಲ್ಲಿ ಗುರುಗಳೊಡನೆ ಕಲ್ಲಿನ ವಿಚಾರವನ್ನು ಸರಿಸಮನಾಗಿ ಮಾತನಾಡುವುದನ್ನು ಅವನು ಕೇಳುತ್ತ ನಿಂತಿದ್ದ ರೀತಿಯು ನನ್ನ ನೆನಪಿನಲ್ಲಿದೆ.

ಆ ಬೆಣಚುಕಲ್ಲಿನ ವಿಷಯವನ್ನು ಹೇಳುವುದು ಉಳಿಯಿತು. ಹೊರಡುವ ಸಮಯದಲ್ಲಿ ಬಾಲಕನು ಅದನ್ನು ಚೀಲದಲ್ಲಿ ಹಾಕಿಕೊಂಡಿದ್ದನು. ನಾನು ಕಂಡೂ ಸುಮ್ಮನಿದ್ದೆನು. ಬಸ್ಸಿನ ಬಾಗಿಲವರೆಗೆ ಬಂದವನು ಏನನ್ನೋ ನೆನೆದವನಂತೆ, “ಒಂದ್ ನಿಮಿಷ ಸರ್” ಎಂದು ನಿಂತನು. ಈ ಸಲ ನಾನೂ ಅವನ ಕೈಹಿಡಿದು ಜೊತೆಯಲ್ಲಿ ಹೋದೆನು. ಅವನು ಆ ಚಿಕ್ಕ ಒಣ ಕುಳಿಯ ಬಳಿ ಕುಳಿತು, ಕಲ್ಲನ್ನು ತೆಗೆದು, ಮೊದಲು ಇದ್ದ ಸ್ಥಳದಲ್ಲಿಯೇ ಇಟ್ಟನು.

“ಯಾಕೋ?” ಎಂದೆನು.

“ಮಳಿ ಬಂದಾಗ ಬೇಕಾಗ್ತದಲ್ರೀ ಸರ್” ಎಂದನು.